ಎರಡು ಮಾನಿಟರ್‌ಗಳ ಬಣ್ಣ ಹೊಂದಾಣಿಕೆ

ಎರಡು ಮಾನಿಟರ್‌ಗಳ ಬಣ್ಣ ಹೊಂದಾಣಿಕೆ ಎಂದರೆ ಒಂದೇ ಗಣಕಯಂತ್ರಕ್ಕೆ ಜೋಡಿಸಿದ, ಆದರೆ ತಯಾರಿಕೆಯಲ್ಲಿ ಭಿನ್ನವಾದ ಎರಡು ಪರದೆಗಳು ಒಂದೇ ಚಿತ್ರವನ್ನು ನೋಡುವವರ ಕಣ್ಣಿಗೆ ಸಾಧ್ಯವಾದಷ್ಟು ಒಂದೇ ಬಣ್ಣದಲ್ಲಿ ತೋರಿಸುವಂತೆ ಸರಿಪಡಿಸುವ ಕ್ರಿಯೆ. ಛಾಯಾಚಿತ್ರ ಸಂಸ್ಕರಣೆ, ಮುದ್ರಣಪೂರ್ವ ಕೆಲಸ, ಚಲನಚಿತ್ರ ಸಂಕಲನ, ಜವಳಿ ವಿನ್ಯಾಸ ಹಾಗೂ ವೈದ್ಯಕೀಯ ಚಿತ್ರಣ ಮುಂತಾದ ಕ್ಷೇತ್ರಗಳಲ್ಲಿ ಇದರ ಅಗತ್ಯ ಬೀಳುತ್ತದೆ. ಪ್ರತಿಯೊಂದು ಪರದೆಯನ್ನೂ ಅಳತೆಯ ಉಪಕರಣದಿಂದ ಒಂದೇ ಗುರಿಗೆ ಹೊಂದಿಸುವ ಮಾಪನಾಂಕ ನಿರ್ಣಯವು ಈ ಕ್ರಿಯೆಯ ಮೊದಲ ಹಂತ. ಇದಕ್ಕೆ ರೂಢಿಯಲ್ಲಿ ಕ್ಯಾಲಿಬ್ರೇಷನ್ ಎಂಬ ಹೆಸರಿದೆ. ಆದರೆ ಹಿಂಬೆಳಕಿನ ತಂತ್ರಜ್ಞಾನ ಬೇರೆಯಾಗಿರುವ ಎರಡು ಪರದೆಗಳು ಉಪಕರಣದಲ್ಲಿ ಒಂದೇ ಅಂಕಿಗಳನ್ನು ತೋರಿಸಿದ ಮೇಲೂ ಕಣ್ಣಿಗೆ ಬೇರೆಯಾಗಿ ಕಾಣಬಹುದು. ಆದ್ದರಿಂದ ಉಪಕರಣದ ಅಳತೆಯ ಜೊತೆಗೆ ಕಣ್ಣಿನಿಂದ ಬಿಳಿಯನ್ನು ಹೊಂದಿಸುವ ಹಂತವೂ ಈ ಕ್ರಿಯೆಯ ಭಾಗವಾಗಿದೆ.

## ಸಮಸ್ಯೆಯ ಸ್ವರೂಪ

ಒಂದೇ ಪರದೆಯ ಮುಂದೆ ಕುಳಿತವರಿಗೆ ಅದರ ಬಿಳಿಯಲ್ಲಿರುವ ಹಳದಿ ಅಥವಾ ನೀಲಿ ಛಾಯೆ ಕೆಲವು ನಿಮಿಷಗಳಲ್ಲಿ ಗಮನಕ್ಕೆ ಬಾರದಂತಾಗುತ್ತದೆ. ಕಣ್ಣು ಮತ್ತು ಮಿದುಳು ಸುತ್ತಲಿನ ಪ್ರಧಾನ ಬೆಳಕನ್ನೇ ಬಿಳಿಯೆಂದು ಸ್ವೀಕರಿಸುವ ಈ ಗುಣವನ್ನು ವರ್ಣ ಹೊಂದಿಕೆ ಎನ್ನುತ್ತಾರೆ. ಹಗಲಿನ ಬಿಸಿಲಿನಲ್ಲೂ ರಾತ್ರಿಯ ಬಲ್ಬಿನ ಕೆಳಗೂ ಕಾಗದವು ಬಿಳಿಯಾಗಿಯೇ ತೋರುವುದು ಇದರಿಂದಲೇ. ಪಕ್ಕದಲ್ಲಿ ಎರಡನೆಯ ಪರದೆಯೊಂದು ಬಂದೊಡನೆ ಸ್ಥಿತಿ ಬದಲಾಗುತ್ತದೆ. ಕಣ್ಣು ಏಕಕಾಲಕ್ಕೆ ಎರಡು ಬಿಳಿಗಳಿಗೆ ಹೊಂದಿಕೊಳ್ಳಲಾರದು. ಆಗ ಅತಿ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಒಂದೊಂದಾಗಿ ನೋಡಿದಾಗ ಸರಿಯೆನಿಸುವ ಎರಡು ಪರದೆಗಳು ಜೊತೆಗೂಡಿದಾಗ ತಪ್ಪೆನಿಸುವುದು ಇದೇ ಕಾರಣದಿಂದ.

ಹೀಗೆ ಕಾಣುವ ವ್ಯತ್ಯಾಸಕ್ಕೆ ಹಲವು ಮೂಲಗಳಿವೆ. ಪರದೆಗಳ ಪ್ರಖರತೆ, ಬಿಳಿಯ ಛಾಯೆ, ಗ್ಯಾಮಾ ಮತ್ತು ವರ್ಣವ್ಯಾಪ್ತಿ ಬೇರೆಯಾಗಿರಬಹುದು. ಗಣಕಯಂತ್ರದಿಂದ ಪರದೆಗೆ ಹೋಗುವ ಸಂಕೇತದಲ್ಲೇ ಭೇದವಿರಬಹುದು. ಅಳತೆಯ ಉಪಕರಣವೇ ಒಂದು ಪರದೆಯನ್ನು ಸರಿಯಾಗಿ, ಇನ್ನೊಂದನ್ನು ತಪ್ಪಾಗಿ ಓದಿರಬಹುದು. ಇವೆಲ್ಲ ಸರಿಯಿದ್ದರೂ ಎರಡು ಬೆಳಕುಗಳ ರೋಹಿತ ಬೇರೆಯಾಗಿರುವುದರಿಂದ ಕಣ್ಣು ಅವನ್ನು ಬೇರೆಯಾಗಿ ಗ್ರಹಿಸಬಹುದು. ಯಾವ ಮೂಲದಿಂದ ಯಾವ ದೋಷ ಬಂದಿದೆ ಎಂಬುದನ್ನು ಬೇರ್ಪಡಿಸಿ ತಿಳಿಯದೆ ಹೊಂದಾಣಿಕೆ ಸಾಧಿಸುವುದು ಕಷ್ಟ.

## ಮೂಲ ಪರಿಕಲ್ಪನೆಗಳು

### ಪ್ರಖರತೆ

ಪರದೆಯ ಪ್ರಖರತೆಯನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುತ್ತಾರೆ. ಈ ಮಾನಕ್ಕೆ ನಿಟ್ ಎಂಬ ಹೆಸರೂ ಇದೆ. ಕಚೇರಿ ಬಳಕೆಯ ಮಾನಿಟರ್‌ಗಳು 250ರಿಂದ 350 ನಿಟ್‌ವರೆಗೆ ಪ್ರಖರವಾಗಬಲ್ಲವು. ಮಂದ ಬೆಳಕಿನ ಕೋಣೆಯಲ್ಲಿ ಬಣ್ಣದ ಕೆಲಸಕ್ಕೆ ಸಾಮಾನ್ಯವಾಗಿ 80ರಿಂದ 120 ನಿಟ್ ಸಾಕಾಗುತ್ತದೆ. ಎರಡು ಪರದೆಗಳ ಬಿಳಿಯ ಛಾಯೆ ಒಂದೇ ಆಗಿದ್ದರೂ ಪ್ರಖರತೆ ಬೇರೆಯಾಗಿದ್ದರೆ ಕಡಿಮೆ ಪ್ರಖರವಾದುದು ಬೂದು ಅಥವಾ ಕೊಳಕಾದ ಬಿಳಿಯಂತೆ ಕಾಣುತ್ತದೆ. ಆದ್ದರಿಂದ ಛಾಯೆಯನ್ನು ಹೋಲಿಸುವ ಮೊದಲು ಪ್ರಖರತೆಯನ್ನು ಸರಿದೂಗಿಸಬೇಕು.

### ಬಿಳಿ ಬಿಂದು

ಪರದೆಯು ಕೆಂಪು, ಹಸಿರು, ನೀಲಿ ಮೂರನ್ನೂ ಪೂರ್ಣವಾಗಿ ಬೆಳಗಿಸಿದಾಗ ಕಾಣುವ ಬಣ್ಣವೇ ಅದರ ಬಿಳಿ ಬಿಂದು. ಇದನ್ನು ಅಂತಾರಾಷ್ಟ್ರೀಯ ದೀಪನ ಆಯೋಗವು 1931ರಲ್ಲಿ ರೂಪಿಸಿದ ನಕ್ಷೆಯಲ್ಲಿ ಎಕ್ಸ್ ಮತ್ತು ವೈ ಎಂಬ ಎರಡು ಅಂಕಿಗಳಿಂದ ಸೂಚಿಸುತ್ತಾರೆ. ಈ ಆಯೋಗವು ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಸಿಐಇ ಎಂದು ಪ್ರಸಿದ್ಧವಾಗಿದೆ. ಗಣಕಯಂತ್ರದ ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಗುರಿ ಡಿ65 ಎಂಬ ಬಿಳಿ. ಅದರ ಅಂಕಿಗಳು ಎಕ್ಸ್ 0.3127, ವೈ 0.3290; ವರ್ಣತಾಪಮಾನ ಸುಮಾರು 6500 ಕೆಲ್ವಿನ್. ಮುದ್ರಣ ಕ್ಷೇತ್ರದಲ್ಲಿ ಇದಕ್ಕಿಂತ ಹಳದಿಯಾದ ಡಿ50 ಬಳಕೆಯಲ್ಲಿದೆ.

ಬಿಳಿಯನ್ನು ಕೆಲ್ವಿನ್ ಅಂಕಿಯಿಂದ ಮಾತ್ರ ಸೂಚಿಸಿದರೆ ಸಾಲದು. ಕೆಲ್ವಿನ್ ಅಂಕಿಯು ಬಿಳಿಯು ನೀಲಿಯತ್ತ ಎಷ್ಟಿದೆ, ಹಳದಿಯತ್ತ ಎಷ್ಟಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಹಸಿರಿನತ್ತ ಅಥವಾ ನೇರಳೆಗೆಂಪಿನತ್ತ ಎಷ್ಟು ಸರಿದಿದೆ ಎಂಬುದನ್ನು ಹೇಳುವುದಿಲ್ಲ. ಎರಡು ಪರದೆಗಳೂ 6500 ಕೆಲ್ವಿನ್ ಎಂದು ಅಳತೆಗೆ ಬಂದರೂ ಒಂದು ಹಸಿರಾಗಿಯೂ ಇನ್ನೊಂದು ನಸುಗೆಂಪಾಗಿಯೂ ತೋರಬಹುದು. ಮಾನಿಟರಿನ ಪಟ್ಟಿಯಲ್ಲಿ 6500 ಎಂದು ಆರಿಸಿದ ಮಾತ್ರಕ್ಕೆ ಎರಡು ಪರದೆಗಳು ಹೊಂದದಿರುವುದಕ್ಕೆ ಇದೂ ಒಂದು ಕಾರಣ.

### ಗ್ಯಾಮಾ

ಗಣಕಯಂತ್ರ ಕಳುಹಿಸುವ ಸಂಖ್ಯೆಗೂ ಪರದೆ ಹೊರಸೂಸುವ ಬೆಳಕಿಗೂ ಇರುವ ಸಂಬಂಧವನ್ನು ಗ್ಯಾಮಾ ನಿರೂಪಿಸುತ್ತದೆ. ಗ್ಯಾಮಾ 2.2 ಇರುವ ಪರದೆಯು ಅರ್ಧದಷ್ಟು ಸಂಕೇತಕ್ಕೆ ತನ್ನ ಗರಿಷ್ಠ ಬೆಳಕಿನ ಶೇಕಡಾ 21.8ರಷ್ಟನ್ನು ಹೊರಸೂಸುತ್ತದೆ. ಗ್ಯಾಮಾ 2.4 ಆಗಿದ್ದರೆ ಅದೇ ಸಂಕೇತಕ್ಕೆ ಬರುವ ಬೆಳಕು ಶೇಕಡಾ 18.9 ಮಾತ್ರ. ಎರಡೂ ಪರದೆಗಳ ಬಿಳಿ ಒಂದೇ ಆಗಿದ್ದರೂ ನಡುಬೂದು ಬಣ್ಣದಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು ಶೇಕಡಾ 13ರಷ್ಟು ಮಂಕಾಗುತ್ತದೆ. ಮುಖದ ನೆರಳು, ಬಟ್ಟೆಯ ಮಡಿಕೆ ಮುಂತಾದ ಮಧ್ಯಮ ಛಾಯೆಗಳಲ್ಲಿ ಈ ವ್ಯತ್ಯಾಸ ಎದ್ದು ತೋರುತ್ತದೆ.

### ವರ್ಣವ್ಯಾಪ್ತಿ

ಒಂದು ಪರದೆಯು ತೋರಿಸಬಲ್ಲ ಬಣ್ಣಗಳ ಒಟ್ಟು ಹರವೇ ಅದರ ವರ್ಣವ್ಯಾಪ್ತಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಪ್ರಸ್ತಾಪಿಸಿ, 1999ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ ವ್ಯಾಪ್ತಿಯು ಅಂತರಜಾಲದ ಚಿತ್ರಗಳಿಗೆ ಆಧಾರವಾಗಿದೆ. ಅಡೋಬ್ ಆರ್‌ಜಿಬಿ ಮತ್ತು ಡಿಸ್‌ಪ್ಲೇ ಪಿ3 ಇದಕ್ಕಿಂತ ವಿಶಾಲವಾದವು. ಬಣ್ಣ ನಿರ್ವಹಣೆಯಿಲ್ಲದ ತಂತ್ರಾಂಶದಲ್ಲಿ ಸಾಧಾರಣ ಚಿತ್ರವೊಂದನ್ನು ವಿಶಾಲ ವ್ಯಾಪ್ತಿಯ ಪರದೆಯ ಮೇಲೆ ತೆರೆದರೆ ಚರ್ಮದ ಬಣ್ಣ ಬಿಸಿಲಿಗೆ ಕೆಂಪೇರಿದಂತೆಯೂ ಹುಲ್ಲು ಅಸಹಜ ಹಸಿರಾಗಿಯೂ ಕಾಣುತ್ತದೆ. ಪಕ್ಕದ ಸಾಮಾನ್ಯ ಪರದೆಯಲ್ಲಿ ಅದೇ ಚಿತ್ರ ಸಹಜವಾಗಿರುತ್ತದೆ.

## ಕ್ಯಾಲಿಬ್ರೇಷನ್ ಮತ್ತು ಪ್ರೊಫೈಲ್

ಕ್ಯಾಲಿಬ್ರೇಷನ್ ಮತ್ತು ಪ್ರೊಫೈಲ್ ರಚನೆ ಬೇರೆ ಬೇರೆ ಕೆಲಸಗಳು. ಕ್ಯಾಲಿಬ್ರೇಷನ್‌ನಲ್ಲಿ ಪರದೆಯ ವರ್ತನೆಯನ್ನೇ ಬದಲಾಯಿಸಲಾಗುತ್ತದೆ: ಪ್ರಖರತೆ, ಬಿಳಿ ಬಿಂದು ಮತ್ತು ಗ್ಯಾಮಾವನ್ನು ಗುರಿಗೆ ತರಲಾಗುತ್ತದೆ. ಪ್ರೊಫೈಲ್ ಎಂಬುದು ಹಾಗೆ ಸಿದ್ಧಗೊಂಡ ಪರದೆಯ ವರ್ಣನೆ. ಯಾವ ಸಂಖ್ಯೆ ಕಳುಹಿಸಿದರೆ ಯಾವ ಬಣ್ಣ ಬರುತ್ತದೆ ಎಂಬ ಮಾಹಿತಿ ಅದರಲ್ಲಿರುತ್ತದೆ. ಇಂತಹ ಕಡತಗಳ ಸಾಮಾನ್ಯ ರಚನೆಯನ್ನು 1993ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಬಣ್ಣ ಒಕ್ಕೂಟವು ರೂಪಿಸಿತು. ಆದ್ದರಿಂದ ಇವನ್ನು ಐಸಿಸಿ ಪ್ರೊಫೈಲ್ ಎನ್ನುತ್ತಾರೆ.

ಎರಡು ಪರದೆಗಳ ಹೊಂದಾಣಿಕೆಯಲ್ಲಿ ಈ ಎರಡಕ್ಕೂ ಪ್ರತ್ಯೇಕ ಪಾತ್ರವಿದೆ. ಕ್ಯಾಲಿಬ್ರೇಷನ್‌ನ ಫಲ ಇಡೀ ಪರದೆಯ ಮೇಲೆ ಕಾಣುತ್ತದೆ. ಪ್ರೊಫೈಲಿನ ಫಲ ಅದನ್ನು ಓದಬಲ್ಲ ತಂತ್ರಾಂಶಗಳಲ್ಲಿ ಮಾತ್ರ ಕಾಣುತ್ತದೆ. ಬಿಳಿ ಮತ್ತು ಬೂದು ಬಣ್ಣಗಳು ಕ್ಯಾಲಿಬ್ರೇಷನ್‌ನಿಂದ ಹೊಂದುತ್ತವೆ. ಗಾಢವಾದ ಕೆಂಪು, ಹಸಿರು, ನೀಲಿಗಳು ಹೊಂದಬೇಕಾದರೆ ಪ್ರೊಫೈಲ್ ಬೇಕು.

ಬಿಳಿ ಬಿಂದುವನ್ನು ಆದಷ್ಟೂ ಮಾನಿಟರಿನದೇ ಗುಂಡಿಗಳಿಂದ ಸರಿಪಡಿಸುವುದು ಲೇಸು. ಗಣಕಯಂತ್ರದ ಗ್ರಾಫಿಕ್ಸ್ ಕಾರ್ಡಿನಲ್ಲಿ ತಿದ್ದುಪಡಿ ಮಾಡಿದರೆ ಬಣ್ಣದ ಹಂತಗಳು ನಷ್ಟವಾಗುತ್ತವೆ. ಉದಾಹರಣೆಗೆ, 8 ಬಿಟ್ ಸಂಪರ್ಕದಲ್ಲಿ ನೀಲಿಯ ಗರಿಷ್ಠ ಸಂಖ್ಯೆಯನ್ನು 255ರಿಂದ 204ಕ್ಕೆ ಇಳಿಸಿದರೆ 256 ಹಂತಗಳಿಗೆ ಬದಲಾಗಿ 205 ಹಂತಗಳಷ್ಟೇ ಉಳಿಯುತ್ತವೆ. ಆಗ ಆಕಾಶದಂತಹ ನಯವಾದ ಏರಿಳಿತಗಳಲ್ಲಿ ಪಟ್ಟೆಗಳು ಕಾಣಿಸಿಕೊಳ್ಳಬಹುದು. ಬಣ್ಣದ ಕೆಲಸಕ್ಕೆಂದೇ ತಯಾರಾದ ಕೆಲವು ಮಾನಿಟರ್‌ಗಳು ತಮ್ಮೊಳಗೇ ಹೆಚ್ಚು ಬಿಟ್‌ಗಳ ಕೋಷ್ಟಕವನ್ನು ಇಟ್ಟುಕೊಂಡು ಈ ನಷ್ಟವನ್ನು ತಪ್ಪಿಸುತ್ತವೆ.

## ಅಳತೆಯ ಉಪಕರಣಗಳು

ಪರದೆಯ ಬಣ್ಣವನ್ನು ಅಳೆಯಲು ಮುಖ್ಯವಾಗಿ ಎರಡು ಬಗೆಯ ಉಪಕರಣಗಳಿವೆ. ವರ್ಣಮಾಪಕವು ಬಣ್ಣದ ಶೋಧಕಗಳ ಮೂಲಕ ಬೆಳಕನ್ನು ಹಾಯಿಸಿ ಮಾನವ ಕಣ್ಣಿನ ಸ್ಪಂದನವನ್ನು ಅನುಕರಿಸುತ್ತದೆ. ಇದು ಅಗ್ಗ, ವೇಗವಾದದ್ದು, ಕಡುಗಪ್ಪನ್ನೂ ಚೆನ್ನಾಗಿ ಅಳೆಯುತ್ತದೆ. ಆದರೆ ಅದರ ಶೋಧಕಗಳು ಆದರ್ಶ ವಕ್ರರೇಖೆಗಳನ್ನು ಪೂರ್ಣವಾಗಿ ಹೋಲುವುದಿಲ್ಲ. ಆದ್ದರಿಂದ ಒಂದು ಬಗೆಯ ಹಿಂಬೆಳಕಿಗೆ ಸರಿಯಾಗಿ ಓದುವ ವರ್ಣಮಾಪಕ ಇನ್ನೊಂದು ಬಗೆಯದಕ್ಕೆ ತಪ್ಪು ಓದಬಹುದು. ರೋಹಿತಮಾಪಕವು ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಪ್ರತಿಯೊಂದರ ಪ್ರಮಾಣವನ್ನೂ ಅಳೆಯುತ್ತದೆ. ಆದ್ದರಿಂದ ಹಿಂಬೆಳಕು ಯಾವುದಾದರೂ ಅದು ನಂಬಲರ್ಹ. ಆದರೆ ಇದು ದುಬಾರಿ, ನಿಧಾನ. ಕತ್ತಲೆಯ ಛಾಯೆಗಳಲ್ಲಿ ಇದರ ಅಳತೆ ಅಸ್ಥಿರ.

ಎರಡು ಭಿನ್ನ ಪರದೆಗಳನ್ನು ಒಂದೇ ವರ್ಣಮಾಪಕದಿಂದ ಅಳೆಯುವಾಗ ಪ್ರತಿಯೊಂದು ಪರದೆಗೂ ಅದರ ಹಿಂಬೆಳಕಿಗೆ ತಕ್ಕ ತಿದ್ದುಪಡಿ ಕಡತವನ್ನು ಆರಿಸಬೇಕು. ಮುಕ್ತ ತಂತ್ರಾಂಶಗಳಾದ ಆರ್ಗಿಲ್ ಸಿಎಂಎಸ್ ಮತ್ತು ಅದರ ಮೇಲೆ ಕಟ್ಟಿದ ಡಿಸ್‌ಪ್ಲೇಕ್ಯಾಲ್‌ಗಳಲ್ಲಿ ಇದಕ್ಕೆ ಅವಕಾಶವಿದೆ. ಸಾಮಾನ್ಯ ಬಿಳಿ ಎಲ್‌ಇಡಿ, ವಿಶಾಲ ವ್ಯಾಪ್ತಿಯ ಎಲ್‌ಇಡಿ, ಹಳೆಯ ಪ್ರತಿದೀಪ್ತಿ ಕೊಳವೆ, ಓಎಲ್‌ಇಡಿ ಮುಂತಾದ ಆಯ್ಕೆಗಳಲ್ಲಿ ತಪ್ಪಾದುದನ್ನು ಆರಿಸಿದರೆ ಅಳತೆಯೇ ಪಕ್ಕಕ್ಕೆ ಸರಿಯುತ್ತದೆ. ಎರಡು ಪರದೆಗಳು ಹೊಂದದಿದ್ದಾಗ ಮೊದಲು ಪರಿಶೀಲಿಸಬೇಕಾದ ಅಂಶಗಳಲ್ಲಿ ಇದೊಂದು.

## ಅಂಕಿ ಒಂದೇ, ಬಣ್ಣ ಬೇರೆ

### ರೋಹಿತ ಮತ್ತು ಮೆಟಾಮೆರಿಸಂ

ಮಾನವ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಶಂಕು ಕೋಶಗಳು ಮೂರು ಬಗೆಯವು. ಎಷ್ಟೇ ಸಂಕೀರ್ಣವಾದ ಬೆಳಕಾದರೂ ಕೊನೆಗೆ ಮೂರು ಸ್ಪಂದನಗಳಾಗಿ ಇಳಿಯುತ್ತದೆ. ಆದ್ದರಿಂದ ರೋಹಿತದಲ್ಲಿ ತೀರ ಬೇರೆಯಾದ ಎರಡು ಬೆಳಕುಗಳು ಒಂದೇ ಬಣ್ಣವಾಗಿ ಕಾಣಬಲ್ಲವು. ಈ ವಿದ್ಯಮಾನಕ್ಕೆ ಮೆಟಾಮೆರಿಸಂ ಎಂದು ಹೆಸರು. ಮೂರೇ ಬಣ್ಣದ ಬೆಳಕುಗಳಿಂದ ಪರದೆಯು ಅಸಂಖ್ಯ ಬಣ್ಣಗಳನ್ನು ತೋರಿಸುವುದು ಸಾಧ್ಯವಾಗಿರುವುದೇ ಇದರಿಂದ.

ಆದರೆ ಈ ಸಾಮ್ಯವು ನೋಡುವ ಕಣ್ಣನ್ನು ಅವಲಂಬಿಸಿದೆ. ಸಾಮಾನ್ಯ ಬಿಳಿ ಎಲ್‌ಇಡಿ ಹಿಂಬೆಳಕಿನಲ್ಲಿ 450 ನ್ಯಾನೊಮೀಟರಿನ ಆಸುಪಾಸಿನ ನೀಲಿ ಶಿಖರವೂ ಹಳದಿ ಫಾಸ್ಫರಿನಿಂದ ಬರುವ ಅಗಲವಾದ ದಿಬ್ಬವೂ ಇರುತ್ತವೆ. ವಿಶಾಲ ವ್ಯಾಪ್ತಿಯ ಕೆಲವು ಪರದೆಗಳಲ್ಲಿ 630 ನ್ಯಾನೊಮೀಟರಿನ ಸಮೀಪ ಸೂಜಿಯಂತಹ ಕೆಂಪು ಶಿಖರಗಳಿರುತ್ತವೆ. ಕ್ವಾಂಟಮ್ ಡಾಟ್ ಪರದೆಗಳಲ್ಲಿ ಹಸಿರು ಮತ್ತು ಕೆಂಪು ಎರಡೂ ಕಿರಿದಾದ ಶಿಖರಗಳು. ಶಿಖರಗಳು ಕಿರಿದಾದಷ್ಟೂ ಶಂಕು ಕೋಶಗಳ ಸೂಕ್ಷ್ಮತೆಯಲ್ಲಿನ ಅಲ್ಪ ವ್ಯತ್ಯಾಸವೂ ಫಲಿತಾಂಶದಲ್ಲಿ ದೊಡ್ಡದಾಗಿ ತೋರುತ್ತದೆ.

### ಪ್ರಮಾಣಿತ ವೀಕ್ಷಕ

ಉಪಕರಣವು ತಾನು ಕಂಡ ಬೆಳಕನ್ನು ಎಕ್ಸ್, ವೈ ಅಂಕಿಗಳಾಗಿ ಬದಲಾಯಿಸುವಾಗ ಪ್ರಮಾಣಿತ ವೀಕ್ಷಕ ಎಂಬ ಕಲ್ಪಿತ ಕಣ್ಣನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಸಿಐಇ 1931ರಲ್ಲಿ ಅಂಗೀಕರಿಸಿದ ಈ ವೀಕ್ಷಕನಿಗೆ ಬ್ರಿಟನ್ನಿನಲ್ಲಿ ಡಬ್ಲ್ಯು. ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ 1920ರ ದಶಕದ ಕೊನೆಯಲ್ಲಿ ಪ್ರತ್ಯೇಕವಾಗಿ ನಡೆಸಿದ ಪ್ರಯೋಗಗಳು ಆಧಾರ. ರೈಟ್ 10 ಮಂದಿಯನ್ನೂ ಗಿಲ್ಡ್ 7 ಮಂದಿಯನ್ನೂ ಪರೀಕ್ಷಿಸಿದ್ದರು. ಹೀಗೆ 17 ಜನರ ಕಣ್ಣುಗಳ ಸರಾಸರಿಯು ಇಂದಿಗೂ ಹೆಚ್ಚಿನ ಪರದೆ ಅಳತೆಗಳ ಅಡಿಪಾಯವಾಗಿದೆ. ಆ ಪ್ರಯೋಗಗಳಲ್ಲಿ ನೋಡಿದ ಬಣ್ಣದ ತುಣುಕು ಕೇವಲ 2 ಡಿಗ್ರಿಯಷ್ಟು ಅಗಲದ್ದು. ಅಂದರೆ, ಕೈ ಚಾಚಿ ಹಿಡಿದಾಗ ಹೆಬ್ಬೆರಳಿನ ಉಗುರು ಕಾಣುವಷ್ಟು. ಮಾನಿಟರ್ ಇದಕ್ಕಿಂತ ಬಹಳ ದೊಡ್ಡ ಕ್ಷೇತ್ರವನ್ನು ಆವರಿಸುತ್ತದೆ.

ಈ ಸರಾಸರಿಯು ನೀಲಿ ಭಾಗದಲ್ಲಿ ಕಣ್ಣಿನ ಸೂಕ್ಷ್ಮತೆಯನ್ನು ಕಡಿಮೆಯಾಗಿ ಅಂದಾಜಿಸುತ್ತದೆ ಎಂಬುದು ಮುಂದೆ ತಿಳಿದುಬಂತು. 1951ರಲ್ಲಿ ಡೀನ್ ಜಡ್ ಇದಕ್ಕೊಂದು ತಿದ್ದುಪಡಿಯನ್ನು ಸೂಚಿಸಿದರು. ಸಿಐಇ 1964ರಲ್ಲಿ 10 ಡಿಗ್ರಿ ಕ್ಷೇತ್ರದ ಇನ್ನೊಬ್ಬ ವೀಕ್ಷಕನನ್ನು ಸೇರಿಸಿತು. ಶಂಕು ಕೋಶಗಳ ಸೂಕ್ಷ್ಮತೆಯನ್ನು ಆಧರಿಸಿದ ಹೊಸ ದತ್ತಾಂಶವನ್ನು 2006 ಮತ್ತು 2015ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿತು. ಆದರೂ ಉಪಕರಣಗಳು, ಮಾನಕಗಳು, ತಂತ್ರಾಂಶಗಳು 1931ರ ವ್ಯವಸ್ಥೆಯನ್ನೇ ಅವಲಂಬಿಸಿರುವುದರಿಂದ ಅದು ಮುಂದುವರಿದಿದೆ.

ವ್ಯಕ್ತಿಯಿಂದ ವ್ಯಕ್ತಿಗೂ ಭೇದವಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ. ಅಕ್ಷಿಪಟದ ನಡುವಿನ ಹಳದಿ ವರ್ಣಕದ ಪ್ರಮಾಣವೂ ಎಲ್ಲರಲ್ಲಿ ಒಂದೇ ಅಲ್ಲ. ಒಬ್ಬರಿಗೆ ಸರಿಹೊಂದಿದ ಎರಡು ಪರದೆಗಳು ಇನ್ನೊಬ್ಬರಿಗೆ ಹೊಂದದೆ ಕಾಣುವುದುಂಟು. ಇಬ್ಬರ ಮಾತೂ ಅವರವರ ಮಟ್ಟಿಗೆ ನಿಜವೇ.

### ಓಎಲ್‌ಇಡಿ ಮತ್ತು ಚಿತ್ರನಳಿಕೆ: ಒಂದು ನಿದರ್ಶನ

ಈ ಸಮಸ್ಯೆ ವ್ಯಾಪಕವಾಗಿ ಗಮನಕ್ಕೆ ಬಂದದ್ದು ದೂರದರ್ಶನ ಮತ್ತು ಚಲನಚಿತ್ರ ಸ್ಟುಡಿಯೋಗಳಲ್ಲಿ. 2010ರ ದಶಕದಲ್ಲಿ ಹಳೆಯ ಚಿತ್ರನಳಿಕೆಯ ಮಾನಿಟರ್‌ಗಳ ಜಾಗಕ್ಕೆ ಓಎಲ್‌ಇಡಿ ಮಾನಿಟರ್‌ಗಳು ಬಂದಾಗ ಎರಡನ್ನೂ ಡಿ65ಕ್ಕೆ ಹೊಂದಿಸಿ ಪಕ್ಕಪಕ್ಕದಲ್ಲಿಟ್ಟರೂ ಓಎಲ್‌ಇಡಿಯ ಬಿಳಿಯು ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತಿತ್ತು. ಉಪಕರಣದ ಪ್ರಕಾರ ಎರಡೂ ಒಂದೇ ಆಗಿದ್ದವು. ತಯಾರಕ ಸಂಸ್ಥೆಯಾದ ಸೋನಿ, ಜಡ್ ತಿದ್ದುಪಡಿಯನ್ನು ಆಧರಿಸಿ ಓಎಲ್‌ಇಡಿಯ ಗುರಿಯನ್ನೇ ಸರಿಸುವ ಪರಿಹಾರವನ್ನು ಸೂಚಿಸಿತು. ಅದರಂತೆ ಎಕ್ಸ್ ಅಂಕಿಯಿಂದ 0.006 ಮತ್ತು ವೈ ಅಂಕಿಯಿಂದ 0.011 ಕಳೆಯಬೇಕು. ಆಗ ಗುರಿಯು ಸುಮಾರು ಎಕ್ಸ್ 0.307, ವೈ 0.318 ಆಗುತ್ತದೆ. ಉಪಕರಣದ ಲೆಕ್ಕದಲ್ಲಿ ಇದು ತಪ್ಪಾದ ಬಿಳಿ. ಕಣ್ಣಿನ ಲೆಕ್ಕದಲ್ಲಿ ಹೊಂದುವ ಬಿಳಿ. ಎರಡು ಭಿನ್ನ ಪರದೆಗಳನ್ನು ಒಂದೇ ಅಂಕಿಗೆ ತರುವುದಕ್ಕೂ ಒಂದೇ ನೋಟಕ್ಕೆ ತರುವುದಕ್ಕೂ ಇರುವ ಅಂತರವನ್ನು ಈ ನಿದರ್ಶನ ಸ್ಪಷ್ಟಪಡಿಸುತ್ತದೆ.

## ಹೊಂದಿಸುವ ವಿಧಾನ

### ಸಿದ್ಧತೆ

ಅಳತೆಗೆ ಮೊದಲು ಎರಡೂ ಪರದೆಗಳನ್ನು ಕನಿಷ್ಠ ಅರ್ಧ ಗಂಟೆ ಉರಿಯಲು ಬಿಡಬೇಕು, ಏಕೆಂದರೆ ಬಿಸಿಯೇರುವವರೆಗೆ ಪ್ರಖರತೆ ಮತ್ತು ಛಾಯೆ ಸ್ಥಿರವಾಗಿರುವುದಿಲ್ಲ. ಸ್ವಯಂಚಾಲಿತ ಪ್ರಖರತೆ, ಚಲಿಸುವ ಕಾಂಟ್ರಾಸ್ಟ್, ರಾತ್ರಿಯ ಹಳದಿ ಬೆಳಕು, ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಸೌಲಭ್ಯ ಇವೆಲ್ಲವನ್ನೂ ನಿಲ್ಲಿಸಬೇಕು. ಪರದೆಗಳ ಮೇಲೆ ಕಿಟಕಿಯ ಬಿಸಿಲು ಅಥವಾ ದೀಪದ ಬೆಳಕು ನೇರವಾಗಿ ಬೀಳಬಾರದು.

ಎರಡೂ ಸಂಪರ್ಕಗಳ ಸಂಕೇತ ಒಂದೇ ಬಗೆಯದೇ ಎಂದು ನೋಡಬೇಕು. ಎಚ್‌ಡಿಎಂಐ ಮೂಲಕ ಜೋಡಿಸಿದ ಪರದೆಯನ್ನು ಗಣಕಯಂತ್ರವು ಕೆಲವೊಮ್ಮೆ ದೂರದರ್ಶನವೆಂದು ಭಾವಿಸಿ 0ಯಿಂದ 255ರವರೆಗಿನ ಪೂರ್ಣ ವ್ಯಾಪ್ತಿಗೆ ಬದಲಾಗಿ 16ರಿಂದ 235ರವರೆಗಿನ ಸೀಮಿತ ವ್ಯಾಪ್ತಿಯನ್ನು ಕಳುಹಿಸುತ್ತದೆ. ಪರದೆಯು ಪೂರ್ಣ ವ್ಯಾಪ್ತಿಯನ್ನು ನಿರೀಕ್ಷಿಸುತ್ತಿದ್ದರೆ ಕಪ್ಪು ಬೂದಾಗಿಯೂ ಚಿತ್ರ ಪೇಲವವಾಗಿಯೂ ಕಾಣುತ್ತದೆ. ಇದನ್ನು ಗ್ರಾಫಿಕ್ಸ್ ಕಾರ್ಡಿನ ಅಥವಾ ಮಾನಿಟರಿನ ಸಂಯೋಜನೆಯಲ್ಲೇ ಸರಿಪಡಿಸಬೇಕು. ಕ್ಯಾಲಿಬ್ರೇಷನ್ ಇದಕ್ಕೆ ಮದ್ದಲ್ಲ.

### ಸಮಾನ ಗುರಿಯ ಆಯ್ಕೆ

ಗುರಿಯನ್ನು ಎರಡರಲ್ಲಿ ದುರ್ಬಲವಾದ ಪರದೆಗೆ ಅನುಗುಣವಾಗಿ ಆರಿಸಬೇಕು. ಹಳೆಯ ಪರದೆ ಗರಿಷ್ಠ 140 ನಿಟ್ ಕೊಡಬಲ್ಲದಾಗಿದ್ದರೆ, ಹೊಸದು 350 ನಿಟ್ ಕೊಡಬಲ್ಲದಾದರೂ ಎರಡಕ್ಕೂ 110 ನಿಟ್‌ನಂತಹ ಗುರಿ ಸೂಕ್ತ. ಬಿಳಿಯ ಛಾಯೆಯನ್ನು ತಿದ್ದುವಾಗ ಯಾವುದಾದರೂ ಬಣ್ಣವನ್ನು ತಗ್ಗಿಸಬೇಕಾಗುತ್ತದೆ, ಅದರಿಂದ ಪ್ರಖರತೆಯೂ ಇಳಿಯುತ್ತದೆ. ಆದ್ದರಿಂದ ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ಗುರಿಯಿಡುವುದು ಅಗತ್ಯ. ಗ್ಯಾಮಾ ಎರಡಕ್ಕೂ ಒಂದೇ ಇರಬೇಕು. ಸಾಮಾನ್ಯ ಬಳಕೆಗೆ 2.2 ರೂಢಿಯಲ್ಲಿದೆ. ಲ್ಯಾಪ್‌ಟಾಪ್ ಪರದೆಯಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಪ್ರತ್ಯೇಕ ಗುಂಡಿಗಳಿರುವುದಿಲ್ಲ. ಆದ್ದರಿಂದ ಅದನ್ನು ಅದರ ಸಹಜ ಬಿಳಿಯಲ್ಲೇ ಇರಿಸಿ, ಜೊತೆಯ ಮಾನಿಟರನ್ನು ಅದಕ್ಕೆ ಹೊಂದಿಸುವುದು ಹಲವು ವೇಳೆ ಸುಲಭದ ದಾರಿ.

### ಕಣ್ಣಿನಿಂದ ಬಿಳಿಯ ಹೊಂದಿಕೆ

1. ಎರಡರಲ್ಲಿ ಉತ್ತಮವಾದುದನ್ನು, ಅಥವಾ ಹೊಂದಿಸಲು ಬಾರದುದನ್ನು, ಆಧಾರ ಪರದೆಯಾಗಿ ಆರಿಸಿ ಉಪಕರಣದಿಂದ ಕ್ಯಾಲಿಬ್ರೇಟ್ ಮಾಡಬೇಕು.
2. ಎರಡನೆಯ ಪರದೆಯನ್ನೂ ಅದೇ ಪ್ರಖರತೆ ಮತ್ತು ಅದೇ ಬಿಳಿ ಬಿಂದುವಿಗೆ ಉಪಕರಣದಿಂದ ತರಬೇಕು. ಇಲ್ಲಿಗೇ ಎರಡೂ ಒಂದಾಗಿ ಕಂಡರೆ ಮುಂದಿನ ಎರಡು ಹಂತಗಳು ಬೇಕಿಲ್ಲ.
3. ಎರಡರ ಮೇಲೂ ಸಮಗಾತ್ರದ ಬಿಳಿ ಚೌಕವನ್ನು ತೋರಿಸಿ, ನಟ್ಟನಡುವೆ ಕುಳಿತು, ಎರಡನೆಯ ಪರದೆಯ ಕೆಂಪು, ಹಸಿರು, ನೀಲಿ ಗುಂಡಿಗಳನ್ನು ಸ್ವಲ್ಪ ಸ್ವಲ್ಪವೇ ತಿದ್ದಬೇಕು. ಮೊದಲು ಹಸಿರು ಅಥವಾ ನಸುಗೆಂಪು ಛಾಯೆಯನ್ನು ನಿವಾರಿಸಿ, ಬಳಿಕ ನೀಲಿ ಮತ್ತು ಹಳದಿಯ ಸಮತೋಲ ನೋಡುವುದು ಸುಲಭ. ಪ್ರತಿ ತಿದ್ದುಪಡಿಯ ನಂತರ ಕ್ಷಣಕಾಲ ದೃಷ್ಟಿಯನ್ನು ಬೇರೆಡೆಗೆ ಹೊರಳಿಸಿ ಮತ್ತೆ ನೋಡಬೇಕು.
4. ಎರಡೂ ಬಿಳಿಗಳು ಒಂದೆನಿಸಿದಾಗ ಎರಡನೆಯ ಪರದೆಯ ಬಿಳಿಯನ್ನು ಉಪಕರಣದಿಂದ ಅಳೆದು ಎಕ್ಸ್, ವೈ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಆ ಅಂಕಿಗಳೇ ಎರಡನೆಯ ಪರದೆಯ ಗುರಿ.
5. ಆಯಾ ಗುರಿಯೊಂದಿಗೆ ಎರಡೂ ಪರದೆಗಳ ಗ್ಯಾಮಾ ಮತ್ತು ಬೂದು ಛಾಯೆಗಳ ಕ್ಯಾಲಿಬ್ರೇಷನ್ ಪೂರ್ಣಗೊಳಿಸಿ, ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರೊಫೈಲ್ ರಚಿಸಬೇಕು.

ಹೀಗೆ ಕಣ್ಣಿನಿಂದ ಸಾಧಿಸಿದ ಹೊಂದಿಕೆಯನ್ನು ಪ್ರೊಫೈಲ್ ಕೆಡಿಸುವುದಿಲ್ಲ. ಸಾಮಾನ್ಯ ಬಳಕೆಯಲ್ಲಿ ಬಣ್ಣ ನಿರ್ವಹಣೆಯು ಚಿತ್ರದ ಬಿಳಿಯನ್ನು ಪರದೆಯ ಬಿಳಿಗೇ ಜೋಡಿಸುತ್ತದೆ. ಎರಡು ಪರದೆಗಳ ಬಿಳಿಗಳು ಅಂಕಿಯಲ್ಲಿ ಬೇರೆಯಾಗಿದ್ದರೂ ಉಳಿದ ಬಣ್ಣಗಳು ಆಯಾ ಬಿಳಿಗೆ ಸಾಪೇಕ್ಷವಾಗಿ ಲೆಕ್ಕಹಾಕಲ್ಪಡುತ್ತವೆ.

### ಪರಿಶೀಲನೆ

ಗುರಿಗೂ ಅಳತೆಗೂ ಇರುವ ಅಂತರವನ್ನು ಡೆಲ್ಟಾ-ಇ ಎಂಬ ಮಾನದಿಂದ ಸೂಚಿಸುತ್ತಾರೆ. ಅದರ ಬೆಲೆ ಕಡಿಮೆಯಾದಷ್ಟೂ ಹೊಂದಿಕೆ ಉತ್ತಮ. ಆದರೆ ಎರಡೂ ಪರದೆಗಳ ವರದಿಯಲ್ಲಿ ಡೆಲ್ಟಾ-ಇ 1ಕ್ಕಿಂತ ಕಡಿಮೆ ಇದ್ದರೂ ಅವು ಪರಸ್ಪರ ಹೊಂದಿವೆ ಎಂದು ಅರ್ಥವಲ್ಲ. ಪ್ರತಿಯೊಂದೂ ತನ್ನ ಗುರಿಯ ಸಮೀಪವಿದೆ ಎಂಬುದಷ್ಟೇ ಅದರ ಅರ್ಥ. ಬಿಳಿಯಿಂದ ಕಪ್ಪಿನವರೆಗಿನ ಬೂದು ಪಟ್ಟಿ, ಚರ್ಮದ ಬಣ್ಣವಿರುವ ಛಾಯಾಚಿತ್ರ ಹಾಗೂ ಗಾಢ ಬಣ್ಣಗಳ ಚಿತ್ರವೊಂದನ್ನು ಎರಡರಲ್ಲೂ ತೆರೆದು ಹೋಲಿಸುವುದು ಕೊನೆಯ ಪರೀಕ್ಷೆ. ಪರದೆಗಳು ಕಾಲಕ್ರಮದಲ್ಲಿ ಬದಲಾಗುವುದರಿಂದ ಕೆಲವು ವಾರ ಅಥವಾ ತಿಂಗಳುಗಳಿಗೊಮ್ಮೆ ಈ ಕ್ರಿಯೆಯನ್ನು ಪುನರಾವರ್ತಿಸಬೇಕು.

## ನಿವಾರಿಸಲಾಗದ ವ್ಯತ್ಯಾಸಗಳು

ಕೆಲವು ವ್ಯತ್ಯಾಸಗಳು ಪರದೆಯ ರಚನೆಯಲ್ಲೇ ಅಡಗಿರುವುದರಿಂದ ಯಾವ ಕ್ಯಾಲಿಬ್ರೇಷನ್ನೂ ಅವನ್ನು ಹೋಗಲಾಡಿಸಲಾರದು.

* ಕಪ್ಪಿನ ಆಳ: ಎರಡೂ ಪರದೆಗಳ ಬಿಳಿ 110 ನಿಟ್ ಇದ್ದಾಗ 1000:1 ಕಾಂಟ್ರಾಸ್ಟ್ ಇರುವ ಐಪಿಎಸ್ ಪರದೆಯ ಕಪ್ಪು 0.11 ನಿಟ್ ಇರುತ್ತದೆ. 3000:1 ಇರುವ ವಿಎ ಪರದೆಯ ಕಪ್ಪು ಸುಮಾರು 0.037 ನಿಟ್. ಕತ್ತಲೆಯ ಕೋಣೆಯಲ್ಲಿ ಈ ಭೇದ ತಿಳಿಯುತ್ತದೆ. ಸಾಧಾರಣ ಬೆಳಕಿನಲ್ಲಿ ಅಷ್ಟಾಗಿ ಕಾಣುವುದಿಲ್ಲ.
* ವರ್ಣವ್ಯಾಪ್ತಿಯ ಮಿತಿ: ಕಿರಿದಾದ ವ್ಯಾಪ್ತಿಯ ಪರದೆಯು ತನಗಿಲ್ಲದ ಬಣ್ಣವನ್ನು ತೋರಿಸಲಾರದು. ಹೊಂದಿಕೆಯೇ ಮುಖ್ಯವಾದರೆ ವಿಶಾಲ ವ್ಯಾಪ್ತಿಯ ಪರದೆಯನ್ನು ಅದರ ಎಸ್‌ಆರ್‌ಜಿಬಿ ವಿಧಾನದಲ್ಲಿ ಇರಿಸಬಹುದು. ಆದರೆ ಹಲವು ಮಾನಿಟರ್‌ಗಳು ಆ ವಿಧಾನದಲ್ಲಿ ಬಣ್ಣದ ಗುಂಡಿಗಳನ್ನು, ಕೆಲವು ಪ್ರಖರತೆಯನ್ನೂ, ಬಂಧಿಸಿಬಿಡುತ್ತವೆ.
* ನೋಟದ ಕೋನ: ಟಿಎನ್ ಪರದೆಯಲ್ಲಿ ತಲೆಯನ್ನು ಮೇಲೆ ಕೆಳಗೆ ಮಾಡಿದರೆ ಛಾಯೆ ಬದಲಾಗುತ್ತದೆ. ವಿಎ ಪರದೆಯಲ್ಲಿ ಪಕ್ಕದಿಂದ ನೋಡಿದಾಗ ಗ್ಯಾಮಾ ಬದಲಾಗುತ್ತದೆ. ಎರಡೂ ಪರದೆಗಳನ್ನು ನೋಡುವವರತ್ತ ಸಮಾನವಾಗಿ ತಿರುಗಿಸಿಡುವುದು ಇದನ್ನು ತಗ್ಗಿಸುತ್ತದೆ.
* ಸಮತೆಯ ಕೊರತೆ: ಒಂದೇ ಪರದೆಯ ನಡುಭಾಗಕ್ಕೂ ಅಂಚಿಗೂ ಪ್ರಖರತೆ ಮತ್ತು ಛಾಯೆಯಲ್ಲಿ ಭೇದವಿರುತ್ತದೆ. ಉಪಕರಣವು ನಡುವನ್ನು ಅಳೆಯುತ್ತದೆ. ಕಣ್ಣು ಹೋಲಿಸುವುದು ಎರಡು ಪರದೆಗಳು ಕೂಡುವ ಅಂಚುಗಳನ್ನು.
* ಮೇಲ್ಮೈ: ಹೊಳಪಿನ ಗಾಜು ಮತ್ತು ಮಂದ ಲೇಪನಗಳು ಕೋಣೆಯ ಬೆಳಕನ್ನು ಬೇರೆ ಬೇರೆಯಾಗಿ ಪ್ರತಿಫಲಿಸುತ್ತವೆ.

## ತಂತ್ರಾಂಶದ ಪಾತ್ರ

ಪ್ರತಿ ಪರದೆಗೂ ಅದರದೇ ಪ್ರೊಫೈಲನ್ನು ಕಾರ್ಯಾಚರಣ ವ್ಯವಸ್ಥೆಯಲ್ಲಿ ನಿಗದಿಪಡಿಸಬೇಕು. ಮ್ಯಾಕ್ ಗಣಕಗಳಲ್ಲಿ ಆಪಲ್ ಸಂಸ್ಥೆ 1993ರಲ್ಲಿ ತಂದ ಕಲರ್‌ಸಿಂಕ್ ವ್ಯವಸ್ಥೆಯು ಈ ಹೊಣೆಯನ್ನು ಬಹುಪಾಲು ತಾನೇ ಹೊರುತ್ತದೆ. ವಿಂಡೋಸ್‌ನಲ್ಲಿ ದೀರ್ಘಕಾಲ ಈ ಹೊಣೆ ಆಯಾ ತಂತ್ರಾಂಶದ್ದೇ ಆಗಿತ್ತು. ಇತ್ತೀಚಿನ ಆವೃತ್ತಿಗಳಲ್ಲಿ, ಬೆಂಬಲವಿರುವ ಪರದೆಗಳಿಗೆ, ಸ್ವಯಂಚಾಲಿತ ನಿರ್ವಹಣೆ ಸೇರಿದೆ. ಪ್ರೊಫೈಲನ್ನು ಓದದ ತಂತ್ರಾಂಶದಲ್ಲಿ ಎರಡು ಪರದೆಗಳನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ. ಡೆಸ್ಕ್‌ಟಾಪಿನ ಹಿನ್ನೆಲೆ ಚಿತ್ರವು ಎರಡರಲ್ಲೂ ಬೇರೆಯಾಗಿ ಕಂಡು, ಬಣ್ಣ ನಿರ್ವಹಣೆಯುಳ್ಳ ತಂತ್ರಾಂಶದಲ್ಲಿ ಅದೇ ಚಿತ್ರ ಒಂದೇ ಆಗಿ ಕಂಡರೆ ದೋಷ ಪರದೆಯದ್ದಲ್ಲ. ಕೆಲವು ತಂತ್ರಾಂಶಗಳು ಎರಡೂ ಪರದೆಗಳಿಗೆ ಮುಖ್ಯ ಪರದೆಯ ಪ್ರೊಫೈಲನ್ನೇ ಬಳಸುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು.

## ಉಪಕರಣವಿಲ್ಲದೆ ಹೊಂದಿಸುವುದು

ವರ್ಣಮಾಪಕ ಲಭ್ಯವಿಲ್ಲದಿದ್ದರೂ ಸಾಕಷ್ಟು ಸುಧಾರಣೆ ಸಾಧ್ಯ. ಎರಡೂ ಪರದೆಗಳಲ್ಲಿ ಎಸ್‌ಆರ್‌ಜಿಬಿ ವಿಧಾನವಿದ್ದರೆ ಅದರಿಂದ ಆರಂಭಿಸಬಹುದು. ಬಿಳಿ ಕಾಗದದಂತಹ ಖಾಲಿ ಪುಟವನ್ನು ಎರಡರಲ್ಲೂ ತೆರೆದು ಮೊದಲು ಪ್ರಖರತೆಯನ್ನು, ಬಳಿಕ ಛಾಯೆಯನ್ನು ಗುಂಡಿಗಳಿಂದ ಸಮಗೊಳಿಸಬೇಕು. ಪ್ರಖರವಾದ ಪರದೆಯನ್ನು ಇಳಿಸಬೇಕೇ ಹೊರತು ಮಂಕಾದುದನ್ನು ಅದರ ಶಕ್ತಿ ಮೀರಿ ಏರಿಸಬಾರದು. ಹೀಗೆ ಮಾಡಿದ ಹೊಂದಿಕೆಯಿಂದ ಎರಡು ಪರದೆಗಳು ಪರಸ್ಪರ ಸಮೀಪ ಬರುತ್ತವೆ. ಆದರೆ ಎರಡೂ ಮಾನಕದಿಂದ ಒಟ್ಟಾಗಿ ದೂರ ಉಳಿದಿರಬಹುದು. ಬರಹ, ಲೆಕ್ಕಪತ್ರದಂತಹ ಕೆಲಸಗಳಿಗೆ ಇದು ಸಾಕು. ಮುದ್ರಣಕ್ಕೆ ಕಳುಹಿಸುವ ಬಣ್ಣವನ್ನು ನಿರ್ಧರಿಸಲು ಸಾಲದು.

## ಅನ್ವಯಗಳು

ಛಾಯಾಗ್ರಾಹಕರು ಹಾಗೂ ವಿನ್ಯಾಸಕಾರರು ಸಾಮಾನ್ಯವಾಗಿ ಉತ್ತಮ ಪರದೆಯನ್ನು ಚಿತ್ರಕ್ಕೂ ಎರಡನೆಯದನ್ನು ಉಪಕರಣಪಟ್ಟಿಗಳಿಗೂ ಮೀಸಲಿಡುತ್ತಾರೆ. ಬಣ್ಣದ ನಿರ್ಣಯವು ಒಂದೇ ಪರದೆಯ ಮೇಲೆ ನಡೆಯುವುದರಿಂದ ಪೂರ್ಣ ಹೊಂದಿಕೆಯಿಲ್ಲದಿದ್ದರೂ ಕೆಲಸ ಕೆಡುವುದಿಲ್ಲ. ಆದರೂ ಎರಡನೆಯ ಪರದೆಯ ಬಿಳಿ ತೀರ ಬೇರೆಯಾಗಿದ್ದರೆ ಅದು ಕಣ್ಣಿನ ಹೊಂದಿಕೆಯನ್ನು ಎಳೆದು, ಮೊದಲ ಪರದೆಯ ಚಿತ್ರಕ್ಕೂ ಅನಗತ್ಯ ತಿದ್ದುಪಡಿ ಮಾಡುವಂತೆ ಪ್ರೇರೇಪಿಸಬಹುದು.

ವೈದ್ಯಕೀಯ ಚಿತ್ರಣದಲ್ಲಿ ಹೊಂದಾಣಿಕೆಯ ಮಹತ್ವ ಇನ್ನೂ ಹೆಚ್ಚು. ಎಕ್ಸ್-ರೇ ಚಿತ್ರದ ಬೂದು ಛಾಯೆಗಳಲ್ಲಿನ ನವಿರಾದ ಭೇದವು ಒಂದು ಪರದೆಯಲ್ಲಿ ಕಂಡು ಇನ್ನೊಂದರಲ್ಲಿ ಕಾಣದೆ ಹೋಗಬಾರದು. ಅದಕ್ಕಾಗಿ ಡೈಕಾಮ್ ಮಾನಕದ 14ನೆಯ ಭಾಗವು ಬೂದು ಛಾಯೆಗಳ ಪ್ರಮಾಣಿತ ವಕ್ರರೇಖೆಯೊಂದನ್ನು ನಿಗದಿಪಡಿಸಿದೆ. ಕಣ್ಣಿನ ಕಾಂಟ್ರಾಸ್ಟ್ ಸೂಕ್ಷ್ಮತೆಯನ್ನು ಆಧರಿಸಿದ ಈ ವಕ್ರರೇಖೆಯು 0.05ರಿಂದ ಸುಮಾರು 4000 ನಿಟ್‌ವರೆಗಿನ ವ್ಯಾಪ್ತಿಯನ್ನು ಕಣ್ಣು ಗುರುತಿಸಬಲ್ಲ 1023 ಹಂತಗಳಾಗಿ ವಿಭಾಗಿಸುತ್ತದೆ. ಪರದೆಗಳ ಗರಿಷ್ಠ ಪ್ರಖರತೆ ಬೇರೆಯಾಗಿದ್ದರೂ ಅನುಕ್ರಮ ಛಾಯೆಗಳ ನಡುವಣ ಅಂತರವು ನೋಡುವವರಿಗೆ ಸಮನಾಗಿ ತೋರಬೇಕೆಂಬುದು ಇದರ ಉದ್ದೇಶ. ಇಲ್ಲಿಯೂ ಗುರಿಯನ್ನು ಬೆಳಕಿನ ಅಂಕಿಯಿಂದ ಮಾತ್ರವಲ್ಲದೆ ಕಣ್ಣಿನ ಗ್ರಹಿಕೆಯಿಂದ ನಿರ್ಧರಿಸಲಾಗಿದೆ.

## ಇವನ್ನೂ ನೋಡಿ

* ಬಣ್ಣ ನಿರ್ವಹಣೆ
* ವರ್ಣತಾಪಮಾನ
* ಮೆಟಾಮೆರಿಸಂ
* ಎಸ್‌ಆರ್‌ಜಿಬಿ
* ದ್ರವ ಸ್ಫಟಿಕ ಪರದೆ
* ಅಕ್ಷಿಪಟ